ಈಕ್ವಿಟಿ ಕೊಡದೆ ಸಿಗೋ ಆಕ್ಸಿಲರೇಟರ್, ಗ್ರಾಂಟ್‌ಗಳು: ಶುರುವಿನ ಹಂತದ ಟೆಕ್ ಸ್ಟಾರ್ಟಪ್‌ಗೆ ನಿಜಕ್ಕೂ ಯಾವುದು ಆಗಿಬರತ್ತೆ?

ಮೊದಲ_ಹೆಜ್ಜೆ:

ಎಲ್ಲರಿಗೂ ನಮಸ್ಕಾರ. ನಾವು ಇಬ್ಬರು ಸೇರ್ಕೊಂಡು ಒಂದು ಪ್ರಾಡಕ್ಟ್ ಕಟ್ತಾ ಇದೀವಿ. ಮೋಟರ್, ಪಂಪ್‌ಗಳ ಬೇರಿಂಗ್ ಪೂರ್ತಿ ಕೆಡೋಕೆ ಮುಂಚೆನೇ ವೈಬ್ರೇಷನ್ ನೋಡಿ ಎಚ್ಚರಿಕೆ ಕೊಡೋ ಸಣ್ಣ ಸೆನ್ಸರ್, ಜೊತೆಗೆ ಆ ಡೇಟಾ ಓದೋ ಸಾಫ್ಟ್‌ವೇರ್. ಮೇಜಿನ ಮೇಲೆ ಚೆನ್ನಾಗಿ ಕೆಲಸ ಮಾಡ್ತಿದೆ, ನಿಜವಾದ ಫ್ಯಾಕ್ಟರಿಲಿ ಇನ್ನೂ ಕೂರಿಸಿಲ್ಲ. ದುಡ್ಡು ಕೊಟ್ಟ ಗಿರಾಕಿ ಒಬ್ಬರೂ ಇಲ್ಲ, ಟ್ರಯಲ್‌ಗೆ ಮೆಷಿನ್ ಕೊಡ್ತೀವಿ ಅಂತ ಬಾಯಿಮಾತಲ್ಲಿ ಒಪ್ಕೊಂಡಿರೋರು ಇದ್ದಾರೆ ಅಷ್ಟೇ. ನಾನು ಒಂದು ದೇಶದಲ್ಲಿ, ನನ್ನ ಪಾರ್ಟ್ನರ್ ಇನ್ನೊಂದು ದೇಶದಲ್ಲಿ, ಕಂಪನಿ ಇನ್ನೂ ಎಲ್ಲೂ ರಿಜಿಸ್ಟರ್ ಮಾಡ್ಸಿಲ್ಲ.

ಈ ಹಂತದಲ್ಲೇ ಶೇರು ಬಿಟ್ಟುಕೊಡೋಕೆ ಇಬ್ಬರಿಗೂ ಮನಸ್ಸಿಲ್ಲ. ಹಾರ್ಡ್‌ವೇರ್ ಅಂದ್ಮೇಲೆ ಮುಂದೆ ಹೇಗೂ ದೊಡ್ಡ ದುಡ್ಡು ಎತ್ತಲೇಬೇಕಾಗತ್ತೆ, ಆಗ ಕೊಡೋಕೆ ಕೈಲಿ ಏನಾದ್ರೂ ಉಳಿದಿರ್ಬೇಕಲ್ವಾ. ಅದಕ್ಕೆ ಈಕ್ವಿಟಿ, ಅಂದ್ರೆ ಶೇರು, ಕೇಳದ ಆಕ್ಸಿಲರೇಟರ್ (ಹೊಸ ಕಂಪನಿಗಳನ್ನ ಕೆಲವು ತಿಂಗಳು ಜೊತೆಗಿದ್ದು ಬೆಳೆಸೋ ಪ್ರೋಗ್ರಾಮ್), ಗ್ರಾಂಟ್ (ವಾಪಸ್ ಕೊಡಬೇಕಿಲ್ಲದ ದುಡ್ಡು) ಅಂತ ಹುಡುಕ್ತಾ ಹೋದ್ರೆ ಪಟ್ಟಿಗಳೇನೋ ರಾಶಿ ರಾಶಿ ಸಿಗ್ತಿವೆ, ಆದ್ರೆ ಒಂದು ಕಡೆ ಕ್ಲೌಡ್ ಕ್ರೆಡಿಟ್ಟನ್ನೂ (ಇಂಟರ್ನೆಟ್ ಮೂಲಕ ಕಂಪ್ಯೂಟರ್ ಸೇವೆ ಪುಕ್ಕಟೆ ಬಳಸೋಕೆ ಕೊಡೋ ಮೊತ್ತ) ಗ್ರಾಂಟ್ ಅಂತಾರೆ, ಇನ್ನೊಂದು ಕಡೆ ಬರೀ ಮೆಂಟರಿಂಗನ್ನೇ ಗ್ರಾಂಟ್ ಅಂತಾರೆ, ತಲೆ ಕೆಡ್ತಿದೆ. ಇದರಲ್ಲಿ ಕೈಗೆ ದುಡ್ಡು ಬರೋದು ಯಾವುದು, ಒಂದಕ್ಕಿಂತ ಜಾಸ್ತಿ ತಗೋಬಹುದಾ, ಶೇರು ಕೇಳದೇ ಇರೋರು ಬದಲಿಗೆ ಏನು ಕೇಳ್ತಾರೆ, ಕಂಪನಿ ಎಲ್ಲಿ ರಿಜಿಸ್ಟರ್ ಮಾಡ್ಸೋದು ಅನ್ನೋದಕ್ಕೂ ಇದಕ್ಕೂ ಸಂಬಂಧ ಇದೆಯಾ, ಇಷ್ಟು ಗೊತ್ತಿದ್ದೋರು ದಯವಿಟ್ಟು ಹೇಳಿ.

ಹಳೇಕೋಡರ್:

ಒಳ್ಳೇ ಪ್ರಶ್ನೆ, ರಿಜಿಸ್ಟರ್ ಮಾಡ್ಸೋಕೆ ಮುಂಚೆ ಕೇಳಿದ್ದು ಇನ್ನೂ ಒಳ್ಳೇದಾಯ್ತು. ಮೊದಲು ಒಂದು ಗಂಟು ಬಿಡಿಸ್ಕೊಳ್ಳಿ, ಈಕ್ವಿಟಿ-ಫ್ರೀ ಅನ್ನೋ ಒಂದೇ ಹೆಸರಲ್ಲಿ ಒಂದಕ್ಕೊಂದು ಸಂಬಂಧನೇ ಇಲ್ಲದ ನಾಲ್ಕೈದು ಥರದ ಸಹಾಯ ಓಡಾಡ್ತಿದೆ.

ಒಂದು, ಕೈಗೆ ದುಡ್ಡು ಕೊಡದೆ ಮೆಂಟರಿಂಗ್ ಕೊಡೋದು. ಗೂಗಲ್ ಫಾರ್ ಸ್ಟಾರ್ಟಪ್ಸ್ ಆಕ್ಸಿಲರೇಟರ್ ಈ ಥರದ್ದು, ಹೆಚ್ಚುಕಮ್ಮಿ ಮೂರು ತಿಂಗಳು, ಅವರ ಇಂಜಿನಿಯರ್‌ಗಳು ನಿಮ್ಮ ಟೆಕ್ನಿಕಲ್ ಸಮಸ್ಯೆ ಮೇಲೆ ಜೊತೆಗೆ ಕೂತು ಕೆಲಸ ಮಾಡ್ತಾರೆ. ಇದರ ಹಿಂದಿನ ಅವತಾರ ಲಾಂಚ್‌ಪ್ಯಾಡ್ ಇದ್ದಾಗ 50,000 ಡಾಲರ್‌ವರೆಗೆ ಶೇರಿಲ್ಲದ ದುಡ್ಡೂ ಕೊಡ್ತಿದ್ರು, ಹಳೇ ಬ್ಲಾಗ್ ಓದಿ ಇವತ್ತಿಗೂ ಜನ ಆ ಮೊತ್ತ ಸಿಗತ್ತೆ ಅಂತ ಅಪ್ಲೈ ಮಾಡ್ತಾರೆ. ಟೊರಾಂಟೊ ಯೂನಿವರ್ಸಿಟಿಲಿ 2012ರಲ್ಲಿ ಶುರುವಾದ ಕ್ರಿಯೇಟಿವ್ ಡಿಸ್ಟ್ರಕ್ಷನ್ ಲ್ಯಾಬ್ ಕೂಡ ಹಂಗೇ, ಶೇರೂ ಇಲ್ಲ ದುಡ್ಡೂ ಇಲ್ಲ, ಎಂಟು ವಾರಕ್ಕೊಂದು ಸಲ ಅನುಭವಸ್ಥರ ಮುಂದೆ ಕೂರಿಸ್ತಾರೆ, ಮುಂದಿನ ಎಂಟು ವಾರಕ್ಕೆ ಮೂರು ಗುರಿ ಹಾಕ್ತಾರೆ, ಯಾವ ಮೆಂಟರೂ ನಿಮ್ಮ ಪರ ಕೈ ಎತ್ತಲಿಲ್ಲ ಅಂದ್ರೆ ಅಲ್ಲಿಗೇ ಹೊರಗೆ. ಕಠಿಣ ಅನ್ಸತ್ತೆ, ಆದ್ರೆ ನಿಮ್ಮಂಥ ಸೆನ್ಸರ್ ಟೈಪ್ ಕಂಪನಿಗೆ ಇದೇ ಸರಿ ಅಂತ ನನ್ನ ನಂಬಿಕೆ.

ಇನ್ನೊಂದು, ಕೊನೇಲಿ ಬಹುಮಾನ ಕೊಡೋದು. ಬಾಸ್ಟನ್‌ನಲ್ಲಿ 2009ರಲ್ಲಿ ಹುಟ್ಟಿದ ಮಾಸ್‌ಚಾಲೆಂಜ್ ಲಾಭಕ್ಕಲ್ಲದ ಸಂಸ್ಥೆ, ಪ್ರೋಗ್ರಾಮಿಗೆ ಸೇರಿದ ಯಾರ ಹತ್ರಾನೂ ಶೇರು ಕೇಳಲ್ಲ, ಆದ್ರೆ ನಗದು ಬಹುಮಾನ ಸಿಗೋದು ಕೊನೇಲಿ ಗೆದ್ದ ಕೆಲವರಿಗೆ ಮಾತ್ರ. ಹಾಗಾಗಿ ಬಜೆಟ್ಟಲ್ಲಿ ಆ ದುಡ್ಡನ್ನ ಬರ್ಕೊಳ್ಳೋ ಹಾಗಿಲ್ಲ.

ಮೂರನೇದು ನೇರವಾಗಿ ನಗದು ಕೊಡೋ ಸರ್ಕಾರಿ ಆಕ್ಸಿಲರೇಟರ್. ಸ್ಟಾರ್ಟ್-ಅಪ್ ಚಿಲಿ 2010ರಲ್ಲಿ ಈ ದಾರಿ ತೋರಿಸ್ತು, ಹೊರದೇಶದ ಫೌಂಡರ್‌ಗಳಿಗೆ ಸುಮಾರು 40,000 ಡಾಲರ್ ಮತ್ತು ವೀಸಾ ಕೊಟ್ಟು, ಬಂದು ನಮ್ಮಲ್ಲಿ ಆರು ತಿಂಗಳು ಇದ್ದು ಕಟ್ಟಿ ಅಂದ್ರು, ಶೇರು ಕೇಳಲಿಲ್ಲ. ಆಮೇಲೆ ಎಷ್ಟೋ ದೇಶ ಅದನ್ನ ನೋಡಿ ತಮ್ಮದೂ ಶುರು ಮಾಡಿದ್ವು. ಅದರ ಮೇಲೆ ಗೊನ್ಸಾಲೆಸ್-ಉರೀಬೆ ಮತ್ತು ಲೆದರ್‌ಬೀ ಅನ್ನೋರು ಮಾಡಿದ ಅಧ್ಯಯನ 2018ರಲ್ಲಿ ಪ್ರಕಟ ಆಯ್ತು. ಬರೀ ನಗದು ಮತ್ತು ಕೂರೋಕೆ ಜಾಗ ಸಿಕ್ಕಿದ ಕಂಪನಿಗಳು ಅದರಿಂದ ಮುಂದೆ ಹೋದವು ಅನ್ನೋಕೆ ಅವರಿಗೆ ಪುರಾವೆ ಸಿಗಲಿಲ್ಲ. ಅದರ ಜೊತೆಗೆ ಹಿಡಿದು ಕೂರಿಸಿ ಕಲಿಸಿ ಲೆಕ್ಕ ಕೇಳ್ತಾ ಹೋದ ಕಂಪನಿಗಳು ಮಾತ್ರ ಎದ್ದು ಕಾಣೋ ಹಾಗೆ ಬೆಳೆದಿದ್ವು. ನೀವು ಪ್ರೋಗ್ರಾಮ್ ಆರಿಸೋವಾಗ ಇದು ತಲೇಲಿರಲಿ, ಎಷ್ಟು ಕೊಡ್ತಾರೆ ಅನ್ನೋದರ ಪಕ್ಕದಲ್ಲೇ ಯಾರು ಕೂತು ನೋಡ್ತಾರೆ ಅನ್ನೋದನ್ನೂ ಬರ್ಕೊಳ್ಳಿ.

ಆಮೇಲೆ ಕ್ರೆಡಿಟ್‌ಗಳು. ಎನ್ವಿಡಿಯಾ ಇನ್ಸೆಪ್ಷನ್, ಎಡಬ್ಲ್ಯುಎಸ್ ಆಕ್ಟಿವೇಟ್, ಮೈಕ್ರೋಸಾಫ್ಟ್‌ನದ್ದು, ಇವೆಲ್ಲಾ ಒಳ್ಳೇವೇ, ತಗೊಳ್ಳಿ, ಆದ್ರೆ ಅದನ್ನ ಗ್ರಾಂಟ್ ಅನ್ನಬೇಡಿ. ಆ ಕ್ರೆಡಿಟ್ಟಲ್ಲಿ ಸೆನ್ಸರ್ ಬೋರ್ಡ್ ತರ್ಸೋಕೆ ಆಗಲ್ಲ, ಸಂಬಳ ಕೊಡೋಕೆ ಆಗಲ್ಲ, ಮತ್ತೆ ಅದಕ್ಕೆ ಕೊನೇ ದಿನಾಂಕ ಇರತ್ತೆ. ಇವತ್ತೇ ತಗೊಂಡು ಟ್ರಯಲ್ ಶುರುವಾಗೋ ಹೊತ್ತಿಗೆ ಅವಧಿ ಮುಗಿದಿದ್ರೆ ಏನು ಬಂತು. ಇನ್ಸೆಪ್ಷನ್‌ಗೆ ಬ್ಯಾಚೂ ಇಲ್ಲ ಡೆಡ್‌ಲೈನೂ ಇಲ್ಲ, ಕಂಪನಿ ಆದ್ಮೇಲೆ ಯಾವಾಗ ಬೇಕಾದ್ರೂ ಹಾಕಬಹುದು, ಅದಕ್ಕೆ ಅವಸರ ಬೇಡ.

ಕೊನೇದು ಆರ್ ಅಂಡ್ ಡಿ ಗ್ರಾಂಟ್, ಅಂದ್ರೆ ಸಂಶೋಧನೆ ಮತ್ತು ಅಭಿವೃದ್ಧಿ ಕೆಲಸಕ್ಕೆ ಕೊಡೋದು. ನಿಮ್ಮ ಕಂಪನಿಗೆ ನಿಜವಾದ ದುಡ್ಡು ಇರೋದು ಇಲ್ಲೇ. ಅದರ ಬಗ್ಗೆ ನನಗಿಂತ ಚೆನ್ನಾಗಿ ಗೊತ್ತಿರೋರು ಇಲ್ಲಿದ್ದಾರೆ, ಅವರು ಬರೀಲಿ.

ನೀಲಿಗೆರೆ:

ರಿಜಿಸ್ಟ್ರೇಷನ್ ಬಗ್ಗೆ ಹೇಳ್ತೀನಿ, ಯಾಕಂದ್ರೆ ಅದು ನಿಮ್ಮ ಇಡೀ ಪ್ರಶ್ನೆಯ ಬೇರು. ಸರ್ಕಾರಿ ಗ್ರಾಂಟ್ ಅಂದ್ರೆ ಆ ದೇಶದ ತೆರಿಗೆ ದುಡ್ಡು, ಅದಕ್ಕೆ ಸಾಮಾನ್ಯವಾಗಿ ಕಂಪನಿ ಅಲ್ಲಿ ಇರ್ಬೇಕು, ಕೆಲವು ಕಡೆ ಮಾಲೀಕತ್ವನೂ ಅಲ್ಲಿನವರ ಕೈಲಿ ಇರ್ಬೇಕು, ಬಹಳ ಸಲ ಕೆಲಸನೂ ಅಲ್ಲೇ ನಡೀಬೇಕು.

ಅಮೆರಿಕದ ಎಸ್‌ಬಿಐಆರ್ ತಗೊಳ್ಳಿ. 1982ರ ಕಾನೂನಿಂದ ಬಂದಿದ್ದು, ದೊಡ್ಡ ಫೆಡರಲ್ ಏಜೆನ್ಸಿಗಳು ತಮ್ಮ ಸಂಶೋಧನಾ ಬಜೆಟ್ಟಲ್ಲಿ ಒಂದು ಪಾಲನ್ನ ಸಣ್ಣ ಕಂಪನಿಗಳಿಗೆ ಎತ್ತಿಡಬೇಕು ಅನ್ನೋದು ಅದರ ಮೂಲ. ಕ್ವಾಲ್‌ಕಾಮ್ ಸಣ್ಣದಾಗಿದ್ದಾಗ ಈ ದುಡ್ಡು ತಗೊಂಡಿತ್ತು. ಸಾಮಾನ್ಯ ನಿಯಮ ಏನಂದ್ರೆ 500ಕ್ಕಿಂತ ಜಾಸ್ತಿ ಉದ್ಯೋಗಿಗಳು ಇರಬಾರದು, ಅರ್ಧಕ್ಕಿಂತ ಹೆಚ್ಚು ಮಾಲೀಕತ್ವ ಅಲ್ಲಿನ ನಾಗರಿಕರು ಇಲ್ಲಾ ಕಾಯಂ ನಿವಾಸಿಗಳ ಕೈಲಿರ್ಬೇಕು, ಪ್ರಾಜೆಕ್ಟ್ ಮುಖ್ಯಸ್ಥರ ಮುಖ್ಯ ನೌಕರಿ ಅದೇ ಕಂಪನಿಲಿ ಇರ್ಬೇಕು. ನೀವಿಬ್ಬರು ಅರ್ಧ ಅರ್ಧ ಹಂಚ್ಕೊಂಡು ಒಬ್ಬರು ಅಲ್ಲಿನ ನಾಗರಿಕರೋ ಕಾಯಂ ನಿವಾಸಿಯೋ ಅಲ್ಲದಿದ್ರೆ ಆ 'ಅರ್ಧಕ್ಕಿಂತ ಹೆಚ್ಚು' ಅನ್ನೋ ಗೆರೆಲೇ ಬಿದ್ದೋಗ್ತೀರ. ಶೇರು ಹಂಚೋ ದಿನ ಯಾರೂ ಇದನ್ನ ಯೋಚ್ನೆ ಮಾಡಲ್ಲ.

ಭಾರತದಲ್ಲೂ ಹಂಗೇ. 2021ರ ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್ ನಿಯಮದಲ್ಲಿ ಅಪ್ಲೈ ಮಾಡೋ ಹೊತ್ತಿಗೆ ಕಂಪನಿ ಆಗಿ ಎರಡು ವರ್ಷ ದಾಟಿರಬಾರದು, ಭಾರತೀಯ ಪ್ರವರ್ತಕರ ಕೈಲಿ ಕನಿಷ್ಠ 51 ಪರ್ಸೆಂಟ್ ಇರ್ಬೇಕು. ಪ್ರೊಟೋಟೈಪ್ (ಮೊದಲ ಮಾದರಿ), ಟ್ರಯಲ್‌ಗೆ 20 ಲಕ್ಷದವರೆಗೆ ಗ್ರಾಂಟ್, ಅದರ ಮೇಲೆ ಮಾರ್ಕೆಟ್‌ಗೆ ಹೋಗೋಕೆ 50 ಲಕ್ಷದವರೆಗೆ ಇದೆಯಲ್ಲ ಅದು ಗ್ರಾಂಟ್ ಅಲ್ಲ, ಸಾಲ ಇಲ್ಲಾ ಕನ್ವರ್ಟಿಬಲ್ ಡಿಬೆಂಚರ್, ಅಂದ್ರೆ ಮುಂದೆ ಶೇರಾಗಬಹುದಾದ ಸಾಲಪತ್ರ. ಎರಡೂ ಒಂದೇ ಸ್ಕೀಮ್ ಹೆಸರಲ್ಲಿ ಬರೋದ್ರಿಂದ ಎಲ್ಲಾನೂ ಪುಕ್ಕಟೆ ಅನ್ಕೊಂಡುಬಿಡ್ತಾರೆ. ನಿಮ್ಮ ಸೆನ್ಸರ್‌ಗೆ ಹತ್ತಿರದ್ದು ಅಂದ್ರೆ ಭಾರತ ಸರ್ಕಾರದ ನಿಧಿ-ಪ್ರಯಾಸ್ ಗ್ರಾಂಟ್, ಕೈಲಿ ಮುಟ್ಟೋ ಅಂಥ ವಸ್ತು ಮಾಡೋರಿಗೆ ಪ್ರೊಟೋಟೈಪ್‌ಗೆ 10 ಲಕ್ಷದವರೆಗೆ. ಸರ್ಕಾರದ ಬಯೋಟೆಕ್ ಸಂಸ್ಥೆ ಬೈರಾಕ್‌ನ ಬಿಗ್ 50 ಲಕ್ಷದವರೆಗೆ ಕೊಡತ್ತೆ, ಆದ್ರೆ ಅದು ಬಯೋಟೆಕ್‌ಗೆ, ನಿಮಗಲ್ಲ.

ಯುರೋಪಲ್ಲಿ ಇಐಸಿ (ಯುರೋಪಿಯನ್ ಇನೋವೇಷನ್ ಕೌನ್ಸಿಲ್) ಆಕ್ಸಿಲರೇಟರ್ ಅಂತ ಇದೆ, ಹೆಸರಲ್ಲಿ ಆಕ್ಸಿಲರೇಟರ್ ಇದ್ರೂ ಅದು ಫಂಡಿಂಗ್ ಸ್ಕೀಮು, ಗ್ರಾಂಟ್ ಭಾಗ 25 ಲಕ್ಷ ಯೂರೋವರೆಗೆ. ಅದರ ಜೊತೆ ಬರೋ ಇನ್ವೆಸ್ಟ್‌ಮೆಂಟ್ ಭಾಗ ಈಕ್ವಿಟಿನೇ, ಗಮನ ಇರಲಿ. ಆದ್ರೆ ಈಗಲೇ ಅದರ ಕಡೆ ನೋಡಬೇಡಿ. ನಾಸಾದವರು ಮಾಡಿದ ಟಿಆರ್‌ಎಲ್ ಅಂತ 1ರಿಂದ 9ರವರೆಗಿನ ಅಳತೆ ಇದೆ, ಟೆಕ್ನಾಲಜಿ ಎಷ್ಟು ಪಕ್ವ ಆಗಿದೆ ಅಂತ ಹೇಳೋಕೆ. ಲ್ಯಾಬಲ್ಲಿ ಕೆಲಸ ಮಾಡಿದ್ರೆ 4, ನಿಜದಂಥ ಪರಿಸರದಲ್ಲಿ ಮಾಡಿ ತೋರಿಸಿದ್ರೆ 6. ಇಐಸಿ ಆಕ್ಸಿಲರೇಟರ್ ಕೇಳೋದು 6ರಿಂದ ಮೇಲೆ. ನೀವು ಹೇಳಿದ್ದು ನೋಡಿದ್ರೆ ನೀವು 4ರಲ್ಲಿದೀರ. 4ರಿಂದ 6ಕ್ಕೆ ಹೋಗೋಕೆ ದುಡ್ಡು ಕೊಡೋರು ಬೇರೆ, 6ರಿಂದ 8ಕ್ಕೆ ಕೊಡೋರು ಬೇರೆ, ಗ್ರಾಂಟ್ ಹುಡುಕೋವಾಗ ಮೊದಲು ಈ ನಂಬರ್ ಇಟ್ಕೊಂಡು ಜರಡಿ ಹಿಡೀರಿ, ಅರ್ಧಕ್ಕರ್ಧ ಪಟ್ಟಿ ತಾನಾಗೇ ಉದುರತ್ತೆ.

ದೇಶದ ಗಡಿ ಅಷ್ಟಾಗಿ ನೋಡದೇ ಇರೋವೂ ಇವೆ. ಡಚ್ ಸಂಸ್ಥೆ ಎನ್ಎಲ್‌ನೆಟ್ ಓಪನ್ ಸೋರ್ಸ್ ಇಂಟರ್ನೆಟ್ ಕೆಲಸಕ್ಕೆ ಕೊಡತ್ತೆ, ವ್ಯಕ್ತಿಗಳೂ ಅಪ್ಲೈ ಮಾಡಬಹುದು. ಯುನಿಸೆಫ್ ವೆಂಚರ್ ಫಂಡ್ 1,00,000 ಡಾಲರ್‌ವರೆಗೆ ಶೇರಿಲ್ಲದೆ ಕೊಡತ್ತೆ, ಆದ್ರೆ ಯುನಿಸೆಫ್ ಕೆಲಸ ಮಾಡೋ ದೇಶದಲ್ಲಿ ಕಂಪನಿ ಇರ್ಬೇಕು, ಕೋಡ್ ಓಪನ್ ಸೋರ್ಸ್ ಮಾಡ್ಬೇಕು, ಮಕ್ಕಳ ಬದುಕಿಗೆ ಸಂಬಂಧ ಇರ್ಬೇಕು. ಬೇರಿಂಗ್ ಸೆನ್ಸರನ್ನ ಎಳೆದು ತಂದು ಅದಕ್ಕೆ ಹೊಂದಿಸೋ ಪ್ರಯತ್ನ ಮಾತ್ರ ಮಾಡಬೇಡಿ ದಯವಿಟ್ಟು. ಗ್ರಾಂಟ್‌ಗೋಸ್ಕರ ಪ್ರಾಡಕ್ಟ್ ತಿರುಚಿ ತಿರುಚಿ ಕೊನೆಗೆ ಯಾರಿಗೂ ಬೇಡದ ವಸ್ತು ಆಗಿದ್ದನ್ನ ಹತ್ತಿರದಿಂದ ನೋಡಿದೀನಿ, ಅದು ಶೇರು ಕೊಡೋದಕ್ಕಿಂತ ದೊಡ್ಡ ನಷ್ಟ.

ಲೆಕ್ಕದಪುಸ್ತಕ:

ನಾನು ಅಕೌಂಟ್ಸ್ ಕಡೆಯೋಳು, ಗ್ರಾಂಟ್ ತಗೊಂಡ ಸಣ್ಣ ಕಂಪನಿಗಳ ಲೆಕ್ಕ ನೋಡ್ಕೊಳ್ಳೋದೇ ನನ್ನ ಕೆಲಸ. ಮೇಲೆ ಇಬ್ಬರೂ ಚೆನ್ನಾಗಿ ಹೇಳಿದ್ದಾರೆ, ಆದ್ರೆ ನಿಮ್ಮ ಒಂದು ಪ್ರಶ್ನೆಗೆ ಉತ್ತರ ಬಂದಿಲ್ಲ, ಶೇರು ಬದಲಿಗೆ ಏನು ಕೇಳ್ತಾರೆ ಅನ್ನೋದು. ಅದಕ್ಕೇ ಬರೀತಿದೀನಿ, ಸ್ವಲ್ಪ ಉದ್ದ ಆಗತ್ತೆ.

ಗ್ರಾಂಟ್ ಮಂಜೂರಾಯ್ತು ಅನ್ನೋ ಪತ್ರಕ್ಕೂ ಅಕೌಂಟಲ್ಲಿ ದುಡ್ಡು ಕಾಣೋದಕ್ಕೂ ನಡುವೆ ಬಹಳ ದೂರ ಇದೆ. ಬ್ರಿಟನ್‌ನ ಇನೋವೇಟ್ ಯುಕೆ ಸಾಮಾನ್ಯವಾಗಿ ಕೊಡೋದು ಹೇಗೆ ಅಂದ್ರೆ, ಮೊದಲು ನೀವು ಖರ್ಚು ಮಾಡ್ಬೇಕು, ಮೂರು ತಿಂಗಳು ಮುಗಿದ್ಮೇಲೆ ಬಿಲ್ಲು, ಸಂಬಳದ ದಾಖಲೆ ಎಲ್ಲಾ ಹಾಕಿ ಕ್ಲೇಮ್ ಮಾಡ್ಬೇಕು, ಪರಿಶೀಲನೆ ಆದ್ಮೇಲೆ ವಾಪಸ್ ಬರತ್ತೆ. ಅದೂ ಪೂರ್ತಿ ಅಲ್ಲ, ಪ್ರಾಜೆಕ್ಟ್ ಯಾವ ಥರದ್ದು ಅನ್ನೋದರ ಮೇಲೆ ಸಣ್ಣ ಕಂಪನಿಗೆ ಖರ್ಚಿನ 70 ಪರ್ಸೆಂಟ್‌ವರೆಗೆ. ಇಐಸಿ ಗ್ರಾಂಟೂ 70 ಪರ್ಸೆಂಟ್‌ವರೆಗೇ. ಅಂದ್ರೆ 100 ರೂಪಾಯಿ ಕೆಲಸಕ್ಕೆ 30 ರೂಪಾಯಿ ನಿಮ್ಮದು, ಜೊತೆಗೆ ಇನೋವೇಟ್ ಯುಕೆ ಥರದ ಕಡೆ ಆ 70 ವಾಪಸ್ ಬರೋವರೆಗೆ ತಿಂಗಳುಗಟ್ಲೆ ಕೈಯಿಂದ ಹಾಕಿ ಕಾಯೋದೂ ನಿಮ್ಮದೇ. ಗಿರಾಕಿ ಇಲ್ಲದ, ಬ್ಯಾಂಕಲ್ಲಿ ಉಳಿತಾಯ ಇಲ್ಲದ ಇಬ್ಬರ ಕಂಪನಿ ಇದನ್ನ ಹೇಗೆ ತಡ್ಕೊಳ್ಳತ್ತೆ? ಗ್ರಾಂಟ್ ಕೈಲಿ ಇಟ್ಕೊಂಡೇ ಸಂಬಳ ಕೊಡೋಕೆ ಸಾಲ ಹುಡುಕೋ ಕಂಪನಿಗಳನ್ನ ನಾನು ನೋಡ್ತಾನೇ ಇರ್ತೀನಿ, ಆ ಫೌಂಡರ್‌ಗಳ ಮುಖ ನೋಡಿದ್ರೆ ಸಂಕಟ ಆಗತ್ತೆ.

ಅದಕ್ಕೆ ಯಾವ ಸ್ಕೀಮ್ ನೋಡಿದ್ರೂ ಮೊತ್ತ ಓದೋಕೆ ಮುಂಚೆ ಪಾವತಿ ಹೇಗೆ ಅನ್ನೋ ಪುಟ ತೆಗೀರಿ. ಮುಂಗಡ ಕೊಡ್ತಾರಾ, ಮೈಲ್‌ಸ್ಟೋನ್ (ಮೊದಲೇ ಒಪ್ಕೊಂಡ ಕೆಲಸದ ಘಟ್ಟ) ಮುಗಿದ ಹಾಗೆ ಕಂತಲ್ಲಿ ಕೊಡ್ತಾರಾ, ಖರ್ಚು ಮಾಡಿ ಬಿಲ್ಲು ತಂದ್ಮೇಲೆ ಕೊಡ್ತಾರಾ. ನಿಮ್ಮಂಥವರಿಗೆ ಮೊದಲ ಕಂತು ಮುಂಗಡ ಬರೋ ಸಣ್ಣ ಗ್ರಾಂಟು, ಆಮೇಲೆ ವಾಪಸ್ ಕೊಡೋ ದೊಡ್ಡ ಗ್ರಾಂಟಿಗಿಂತ ಎಷ್ಟೋ ಮೇಲು. ಮೈಲ್‌ಸ್ಟೋನ್ ಬರೆಯೋವಾಗಲೂ ಯೋಚ್ನೆ ಮಾಡಿ, 'ಮೂರು ಫ್ಯಾಕ್ಟರಿಗೆ ಮಾರಾಟ' ಅಂತ ಬರೆದ್ರೆ ಅದು ನಿಮ್ಮ ಕೈಲಿಲ್ಲ, 'ಮೂರು ಮೆಷಿನ್ ಮೇಲೆ ಸೆನ್ಸರ್ ಕೂರಿಸಿ ಇಷ್ಟು ವಾರದ ಡೇಟಾ' ಅಂತ ಬರೆದ್ರೆ ನಿಮ್ಮ ಕೈಲಿದೆ. ಕಂತು ಬರೋದು ಅದನ್ನ ಮುಟ್ಟಿದ್ರೇನೇ.

ಇನ್ನೊಂದು ವಿಷಯ ಎಲಿಜಿಬಲ್ ಖರ್ಚು, ಅಂದ್ರೆ ಗ್ರಾಂಟ್ ದುಡ್ಡಲ್ಲಿ ಮಾಡಬಹುದಾದ ಖರ್ಚು. ಒಪ್ಪಂದಕ್ಕೆ ಸಹಿ ಆಗೋ ಮುಂಚೆ ಮಾಡಿದ ಖರ್ಚನ್ನ ಬಹುತೇಕ ಕಡೆ ಲೆಕ್ಕಕ್ಕೆ ತಗೊಳ್ಳಲ್ಲ. ಮಾರ್ಕೆಟಿಂಗ್, ಸೇಲ್ಸ್, ಹಳೇ ಸಾಲ ತೀರಿಸೋದು ಇವಕ್ಕೂ ಸಾಮಾನ್ಯವಾಗಿ ಇಲ್ಲ. ಆರ್ ಅಂಡ್ ಡಿ ಗ್ರಾಂಟಲ್ಲಿ ಫೌಂಡರ್ ಸಂಬಳ ಹಾಕಬಹುದಾ ಅನ್ನೋದು ಒಂದೊಂದು ಕಡೆ ಒಂದೊಂದು ಥರ, ಅದನ್ನ ಬರವಣಿಗೆಲಿ ಕೇಳಿ ಉತ್ತರ ತರಿಸ್ಕೊಳ್ಳಿ. ಟೈಮ್‌ಶೀಟ್ ಇಡಿ, ಮೊದಲ ದಿನದಿಂದನೇ. ಗ್ರಾಂಟಿಗೆ ಒಂದು ಬೇರೆ ಬ್ಯಾಂಕ್ ಖಾತೆ ಕೇಳದಿದ್ರೂ ಬೇರೆ ಇಟ್ರೆ ಒಳ್ಳೇದು, ದುಡ್ಡು ಹೇಳಿದ ಕೆಲಸಕ್ಕೇ ಹೋಯ್ತು ಅನ್ನೋ ಬಳಕೆ ಪ್ರಮಾಣಪತ್ರ ಮಾಡಿಸೋ ದಿನ ನಿಮ್ಮ ಆಡಿಟರ್ ನಿಮ್ಮನ್ನ ಹರಸ್ತಾರೆ.

ಒಂದಕ್ಕಿಂತ ಜಾಸ್ತಿ ತಗೋಬಹುದಾ ಅಂತ ಕೇಳಿದ್ರಲ್ಲ. ತಗೋಬಹುದು, ಆದ್ರೆ ಒಂದೇ ಖರ್ಚನ್ನ ಎರಡು ಕಡೆ ತೋರಿಸೋ ಹಾಗಿಲ್ಲ, ಅದು ವಂಚನೆ ಲೆಕ್ಕಕ್ಕೇ ಬರತ್ತೆ. ಅದರ ಮೇಲೆ ಒಟ್ಟು ಮಿತಿಗಳೂ ಇವೆ. ಯುರೋಪಿಯನ್ ಯೂನಿಯನ್‌ನಲ್ಲಿ ಡಿ ಮಿನಿಮಿಸ್ ಅನ್ನೋ ನಿಯಮದಡಿ ಬರೋ ಸಣ್ಣ ಸಹಾಯಗಳೆಲ್ಲಾ ಸೇರಿ ಒಂದು ಕಂಪನಿಗೆ ಮೂರು ವರ್ಷದಲ್ಲಿ 3,00,000 ಯೂರೋ ದಾಟಬಾರದು, 2024ರಿಂದ ಈ ಮಿತಿ. ಭಾರತದ ಆ ಸೀಡ್ ಫಂಡಲ್ಲಿ ಬೇರೆ ಕೇಂದ್ರ ಇಲ್ಲಾ ರಾಜ್ಯ ಸ್ಕೀಮಿಂದ 10 ಲಕ್ಷಕ್ಕಿಂತ ಜಾಸ್ತಿ ದುಡ್ಡು ಈಗಾಗ್ಲೇ ಬಂದಿದ್ರೆ ಅರ್ಹತೆನೇ ಇಲ್ಲ. ಹಾಗಾಗಿ ಯಾವುದನ್ನ ಮೊದಲು ತಗೋತೀರಿ ಅನ್ನೋದು ಮುಖ್ಯ, ಸಣ್ಣದನ್ನ ಮೊದಲು ತಗೊಂಡು ದೊಡ್ಡದರ ಬಾಗಿಲು ಮುಚ್ಕೋಬೇಡಿ.

ತೆರಿಗೆ ಬಗ್ಗೆ ಒಂದೇ ಮಾತು, ಗ್ರಾಂಟ್ ಅಂದ್ರೆ ತೆರಿಗೆ ಇಲ್ಲ ಅಂತ ಅಂದ್ಕೋಬೇಡಿ, ಹಲವು ದೇಶದಲ್ಲಿ ಅದು ಆದಾಯನೇ, ಯಾವ ಖರ್ಚಿಗೆ ಬಂತೋ ಆ ಖರ್ಚು ಆಗೋ ವರ್ಷಗಳಿಗೆ ಹಂಚಿ ತೋರಿಸ್ಬೇಕಾಗತ್ತೆ, ನಿಮ್ಮ ದೇಶದ ಆಡಿಟರನ್ನ ಮೊದಲೇ ಕೇಳಿ.

ಇನ್ನು ಐಪಿ, ಅಂದ್ರೆ ನೀವು ಕಂಡುಹಿಡಿದಿದ್ದರ ಮೇಲಿನ ಬೌದ್ಧಿಕ ಆಸ್ತಿ ಹಕ್ಕು. ಒಪ್ಪಂದದಲ್ಲಿ ಐಪಿ ಯಾರದ್ದು ಅನ್ನೋ ಕಲಮನ್ನ ಎರಡು ಸಲ ಓದಿ. ಅಮೆರಿಕದಲ್ಲಿ ಫೆಡರಲ್ ದುಡ್ಡಲ್ಲಿ ಸಣ್ಣ ಕಂಪನಿ ಏನಾದ್ರೂ ಕಂಡುಹಿಡಿದ್ರೆ 1980ರ ಬೇ-ಡೋಲ್ ಕಾನೂನಿನ ಪ್ರಕಾರ ಹಕ್ಕು ಕಂಪನಿಯದ್ದೇ, ಸರ್ಕಾರಕ್ಕೆ ರಾಯಲ್ಟಿ ಇಲ್ಲದೆ ಬಳಸೋ ಲೈಸೆನ್ಸ್ ಇರತ್ತೆ. ಎಲ್ಲಾ ಕಡೆ ಇಷ್ಟು ಸ್ಪಷ್ಟ ಇರಲ್ಲ. ಕೆಲವು ಕಡೆ ಶೇರು ಬೇಡ ಅಂದೋರೇ ಮುಂದಿನ ಮಾರಾಟದಲ್ಲಿ ರಾಯಲ್ಟಿ ಕೇಳಿರ್ತಾರೆ, ಮುಂದಿನ ರೌಂಡಲ್ಲಿ (ಕಂಪನಿ ಮತ್ತೆ ದುಡ್ಡು ಎತ್ತೋ ಸುತ್ತಲ್ಲಿ) ಹೂಡಿಕೆ ಮಾಡೋ ಮೊದಲ ಹಕ್ಕು ನಮ್ಮದು ಅಂತ ಬರೆದಿರ್ತಾರೆ, ಇಲ್ಲಾ ವಾರಂಟ್ ಅಂತ ಒಂದು ಪುಟ ಕೊನೇಲಿ ಇರತ್ತೆ. ವಾರಂಟ್ ಅಂದ್ರೆ ಮುಂದೆ ಗೊತ್ತುಮಾಡಿದ ಬೆಲೆಗೆ ಶೇರು ತಗೊಳ್ಳೋ ಹಕ್ಕು. ಅಲ್ಲಿಗೆ ಅದು ಈಕ್ವಿಟಿ-ಫ್ರೀ ಅಲ್ವೇ ಅಲ್ಲ.

ವೇಗ_ಮುಖ್ಯ:

ನಾನು ಸ್ವಲ್ಪ ಬೇರೆ ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಶೇರು ಉಳಿಸ್ಬೇಕು ಅನ್ನೋದನ್ನೇ ಮೊದಲ ಗುರಿ ಮಾಡ್ಕೊಂಡ್ರೆ ವರ್ಷಗಳು ಹೋಗತ್ತೆ. ಶೇರು ತಗೊಳ್ಳೋ ಅಮೆರಿಕದ ಆಕ್ಸಿಲರೇಟರ್ ವೈ ಕಾಂಬಿನೇಟರ್ ಕೊಡೋದು 5,00,000 ಡಾಲರ್, ಅದರಲ್ಲಿ 1,25,000ಕ್ಕೆ 7 ಪರ್ಸೆಂಟ್, ಉಳಿದ 3,75,000 ಮುಂದಿನ ರೌಂಡಲ್ಲಿ ಹೂಡಿಕೆದಾರರಲ್ಲಿ ಯಾರಿಗೆ ಎಲ್ಲಕ್ಕಿಂತ ಒಳ್ಳೇ ಷರತ್ತು ಸಿಗತ್ತೋ ಅದೇ ಷರತ್ತಿಗೆ ಶೇರಾಗತ್ತೆ. ತುಟ್ಟಿನೇ, ಇಲ್ಲ ಅನ್ನಲ್ಲ, ಎರಡೂ ಸೇರಿ ಕೊನೆಗೆ ಬಿಡೋದು 7ಕ್ಕಿಂತ ಜಾಸ್ತಿನೇ ಆಗತ್ತೆ. ಆದ್ರೆ ದುಡ್ಡು ಬೇಗ ಬರತ್ತೆ, ಬಿಲ್ಲು ಕೇಳಲ್ಲ, ಪ್ರಾಡಕ್ಟ್ ದಿಕ್ಕು ಬದಲಾಯಿಸ್ಬೇಕು ಅನ್ಸಿದ್ರೆ ಯಾವ ಆಫೀಸಿಗೂ ಅರ್ಜಿ ಹಾಕೋ ಕೆಲಸ ಇಲ್ಲ. ಗ್ರಾಂಟಲ್ಲಿ ಬರೆದ ಪ್ಲಾನ್ ಬದಲಾಯಿಸೋಕೆ ಅನುಮತಿ ಬೇಕು. ಶುರುವಿನ ಕಂಪನಿಲಿ ಪ್ಲಾನ್ ಬದಲಾಗದೇ ಇರೋದು ಯಾವಾಗ ಹೇಳಿ?

ಸಾಫ್ಟ್‌ವೇರ್ ಮಾತ್ರ ಮಾಡೋರು ಆಗಿದ್ರೆ ಗ್ರಾಂಟ್ ಕಡೆ ತಲೆ ಹಾಕಬೇಡಿ, ಹೋಗಿ ಗಿರಾಕಿ ಹುಡ್ಕಿ ಅಂತಲೇ ಹೇಳ್ತಿದ್ದೆ.

ಹಳೇಕೋಡರ್:

@ವೇಗ_ಮುಖ್ಯ ಸಾಫ್ಟ್‌ವೇರ್ ಬಗ್ಗೆ ನಿಮ್ಮ ಮಾತು ಒಪ್ಪಿದೆ. ಆದ್ರೆ ಇವರದ್ದು ಹಾರ್ಡ್‌ವೇರ್, ಮತ್ತೆ ಫ್ಯಾಕ್ಟರಿಲಿ ಸಾಬೀತಾಗದ ಹಾರ್ಡ್‌ವೇರ್. ಈ ಜಾಗದಲ್ಲಿ ಗ್ರಾಂಟ್ ಏನು ಮಾಡತ್ತೆ ಅನ್ನೋದಕ್ಕೆ ಒಂದು ಒಳ್ಳೇ ಅಧ್ಯಯನ ಇದೆ. ಸಬ್ರಿನಾ ಹೊವೆಲ್ ಅವರು ಅಮೆರಿಕದ ಇಂಧನ ಇಲಾಖೆಯ ಎಸ್‌ಬಿಐಆರ್ ಗ್ರಾಂಟ್‌ಗಳನ್ನ ತಗೊಂಡು, ಸ್ವಲ್ಪದರಲ್ಲಿ ಗೆದ್ದವರನ್ನ ಸ್ವಲ್ಪದರಲ್ಲಿ ಸೋತವರ ಜೊತೆ ಹೋಲಿಸಿದ್ರು, 2017ರಲ್ಲಿ ಬಂತು. ಮೊದಲ ಹಂತದ ಸಣ್ಣ ಗ್ರಾಂಟ್, ಸುಮಾರು 1,50,000 ಡಾಲರಿಂದು, ಸಿಕ್ಕಿದ ಕಂಪನಿಗೆ ಆಮೇಲೆ ವೆಂಚರ್ ಕ್ಯಾಪಿಟಲ್ (ಶೇರಿಗೆ ಬದಲಾಗಿ ಬರೋ ಹೂಡಿಕೆ) ಸಿಗೋ ಸಾಧ್ಯತೆ 10 ಪರ್ಸೆಂಟಿಂದ 19 ಪರ್ಸೆಂಟಿಗೆ ಏರಿತ್ತು. ಎರಡನೇ ಹಂತದ ದೊಡ್ಡ ಗ್ರಾಂಟು, 10 ಲಕ್ಷ ಡಾಲರ್‌ದು, ಅಂಥ ವ್ಯತ್ಯಾಸ ಮಾಡಲಿಲ್ಲ. ಅವರು ಕೊಡೋ ಕಾರಣ ಏನಂದ್ರೆ ಆ ಮೊದಲ ದುಡ್ಡಿಂದ ಪ್ರೊಟೋಟೈಪ್ ಆಗತ್ತೆ, ಇದು ಆಗತ್ತೋ ಇಲ್ವೋ ಅನ್ನೋ ಅನುಮಾನ ಕಮ್ಮಿ ಆಗತ್ತೆ, ಆಮೇಲೆ ಹೂಡಿಕೆದಾರ ಧೈರ್ಯ ಮಾಡ್ತಾನೆ. ಸರ್ಕಾರದ ಮುದ್ರೆ ಬಿತ್ತು ಅನ್ನೋದಕ್ಕಿಂತ ಕೆಲಸ ಆಯ್ತು ಅನ್ನೋದೇ ಕಾರಣ.

ಹಾಗಾಗಿ ಒಂದು ಗ್ರಾಂಟ್, ಫ್ಯಾಕ್ಟರಿ ಡೇಟಾ ತರೋಕೆ. ಆಮೇಲೆ ಶೇರು ಕೊಟ್ಟು ದುಡ್ಡು ಎತ್ತಿ, ಆಗ ಬೆಲೆನೂ ಚೆನ್ನಾಗಿರತ್ತೆ. ಗ್ರಾಂಟ್ ಮೇಲೆ ಗ್ರಾಂಟ್ ತಗೊಂಡು ಅದರಲ್ಲೇ ಬದುಕೋ ಕಂಪನಿ ಆಗೋದು ಬೇಡ, ಇದರಲ್ಲಿ ನನಗೂ ನಿಮಗೂ ಭಿನ್ನಾಭಿಪ್ರಾಯ ಇಲ್ಲ.

ಮೊದಲ_ಹೆಜ್ಜೆ:

ಇಷ್ಟೊಂದು ಸಮಯ ಕೊಟ್ಟು ಬರೆದಿದ್ದಕ್ಕೆ ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಇಬ್ಬರೂ ಕಾಲ್‌ನಲ್ಲಿ ಕೂತು ಇದನ್ನೆಲ್ಲಾ ಓದಿದ್ವಿ. ಟಿಆರ್‌ಎಲ್ ವಿಷಯ ನಮಗೆ ಗೊತ್ತೇ ಇರಲಿಲ್ಲ, ಅದರ ಪ್ರಕಾರ ಪಟ್ಟಿ ಜರಡಿ ಹಿಡಿದ್ವಿ, ಸಣ್ಣ ಪ್ರೊಟೋಟೈಪ್ ಗ್ರಾಂಟ್‌ಗಳು ಕೆಲವೇ ಉಳಿದ್ವು, ಜೊತೆಗೆ ದುಡ್ಡಿಲ್ಲದ ಒಂದು ಮೆಂಟರಿಂಗ್ ಪ್ರೋಗ್ರಾಮ್. ಶೇರು ಅರ್ಧ ಅರ್ಧ ಅಂತ ಮಾತಾಡ್ಕೊಂಡಿದ್ವಿ, ಅದನ್ನೂ ಮತ್ತೆ ಕೂತು ಮಾತಾಡ್ಬೇಕು ಅಂತ ಆಯ್ತು.

ಈಗ ಅರ್ಜಿ ಬರೆಯೋಕೆ ಕೂತ್ರೆ ಕೈ ಓಡ್ತಿಲ್ಲ. ಇನ್ವೆಸ್ಟರ್‌ಗೆ ಮಾಡಿದ ಪಿಚ್ ಡೆಕ್ (ಕಂಪನಿ ಪರಿಚಯಿಸೋ ಸ್ಲೈಡುಗಳು) ಇದೆ, ಅದನ್ನೇ ಗ್ರಾಂಟ್ ಅರ್ಜಿಗೆ ಇಳಿಸಿದ್ರೆ ನಡೆಯತ್ತಾ?

ತಂತಿಬೇಲಿ:

ನಡೆಯಲ್ಲ. ಗ್ರಾಂಟ್ ಅರ್ಜಿ ಪರಿಶೀಲಿಸೋ ಕಮಿಟಿಲಿ ಕೂತ ಅನುಭವ ನನಗಿದೆ, ಪಿಚ್ ಡೆಕ್ಕನ್ನೇ ಅಕ್ಷರಕ್ಕೆ ಇಳಿಸಿದ ಅರ್ಜಿ ಮೊದಲ ಪುಟದಲ್ಲೇ ಗೊತ್ತಾಗತ್ತೆ.

ಇನ್ವೆಸ್ಟರ್ ಕೇಳೋದು ಇದು ಎಷ್ಟು ದೊಡ್ಡದಾಗಬಹುದು ಅಂತ. ಪರಿಶೀಲಕ ಕೇಳೋದು ಇದರಲ್ಲಿ ಇನ್ನೂ ಗೊತ್ತಿಲ್ಲದ್ದು ಏನು, ಅದನ್ನ ಹೇಗೆ ತಿಳ್ಕೋತೀರಿ ಅಂತ. ಎಲ್ಲಾ ಆಗ್ಲೇ ಕೆಲಸ ಮಾಡ್ತಿದೆ ಅಂತ ಹೆಮ್ಮೆಯಿಂದ ಬರೆದ್ರೆ, ಹಂಗಿದ್ರೆ ಆರ್ ಅಂಡ್ ಡಿ ದುಡ್ಡು ಯಾಕೆ ಅನ್ನೋ ಪ್ರಶ್ನೆ ಬರತ್ತೆ. ನಿಮ್ಮ ವಿಷಯದಲ್ಲಿ ಗೊತ್ತಿಲ್ಲದ್ದು ಏನು ಅಂತ ನೇರವಾಗಿ ಬರೀರಿ. ಮೇಜಿನ ಮೇಲೆ ಒಂದೇ ಮೋಟರ್, ಒಂದೇ ವೇಗ, ಸುತ್ತ ಸದ್ದಿಲ್ಲ. ಫ್ಯಾಕ್ಟರಿಲಿ ಪಕ್ಕದ ಮೆಷಿನ್ ಅದುರತ್ತೆ, ಲೋಡ್ ಬದಲಾಗತ್ತೆ, ಮೋಟರ್ ವೇಗ ಹತೋಟಿ ಮಾಡೋ ಡ್ರೈವ್ ಇದ್ರೆ ವೇಗನೂ ಬದಲಾಗತ್ತೆ, ಬೇರಿಂಗ್ ದೋಷದ ಸಿಗ್ನಲ್ ವೇಗಕ್ಕೆ ತಕ್ಕ ಹಾಗೆ ಜಾಗ ಬದಲಾಯಿಸತ್ತೆ. ಇದರ ನಡುವೆ ನಿಮ್ಮ ಸಾಫ್ಟ್‌ವೇರ್ ಸುಳ್ಳು ಎಚ್ಚರಿಕೆ ಎಷ್ಟು ಕೊಡತ್ತೆ? ಈ ಪ್ರಶ್ನೆನೇ ನಿಮ್ಮ ಅರ್ಜಿಯ ಜೀವ. ಎಷ್ಟಕ್ಕಿಂತ ಕಮ್ಮಿ ಸುಳ್ಳು ಎಚ್ಚರಿಕೆ ಬಂದ್ರೆ ಗೆದ್ದ ಹಾಗೆ ಅಂತ ನೀವೇ ಒಂದು ಅಳತೆ ಹಾಕಿ, ಯಾವ ಯಾವ ಮೆಷಿನ್ ಮೇಲೆ ಅಳೀತೀರಿ, ಬಾರದಿದ್ರೆ ಎರಡನೇ ದಾರಿ ಏನು, ಅದನ್ನೂ ಹೇಳಿ. ಸೋಲೋ ಸಾಧ್ಯತೆ ಬಗ್ಗೆ ಬರೆದ ಅರ್ಜಿ ಮೇಲೆ ನನಗೆ ಯಾವಾಗಲೂ ನಂಬಿಕೆ ಜಾಸ್ತಿ.

ಬಜೆಟ್ಟನ್ನ ಕೆಲಸದಿಂದ ಕಟ್ಟಿ. ಗರಿಷ್ಠ ಮಿತಿ ಎಷ್ಟಿದೆಯೋ ಅಷ್ಟಕ್ಕೇ ಸರಿಯಾಗಿ ಬಂದು ನಿಲ್ಲೋ ಬಜೆಟ್ ನೋಡಿದ್ರೆ ಹಿಂದಿನಿಂದ ಮುಂದಕ್ಕೆ ಲೆಕ್ಕ ಮಾಡಿದ್ದಾರೆ ಅಂತ ಯಾರಿಗಾದ್ರೂ ತಿಳಿಯತ್ತೆ. ಮತ್ತೆ ಬಾಯಿಮಾತಲ್ಲಿ ಒಪ್ಕೊಂಡೋರು ಇದ್ದಾರೆ ಅಂದ್ರಲ್ಲ, ಅವರಿಂದ ಒಂದು ಪತ್ರ ತಗೊಳ್ಳಿ. 'ಒಳ್ಳೇ ಪ್ರಾಡಕ್ಟ್, ಶುಭವಾಗಲಿ' ಅನ್ನೋ ಪತ್ರ ಯಾವ ಕೆಲಸಕ್ಕೂ ಬರಲ್ಲ. ಇಂಥ ಮೆಷಿನ್, ಇಷ್ಟು ದಿನ, ನಮ್ಮ ಇಂಥ ಇಂಜಿನಿಯರ್ ಜೊತೆಗಿರ್ತಾರೆ, ನಮಗೆ ಇದು ಯಾಕೆ ಬೇಕು ಅಂದ್ರೆ ಮೆಷಿನ್ ನಿಂತ್ರೆ ಇಷ್ಟು ನಷ್ಟ ಆಗತ್ತೆ, ಹೀಗೆ ಅರ್ಧ ಪುಟ ಇದ್ರೂ ಸಾಕು, ಹತ್ತು ಪುಟದ ಮಾರ್ಕೆಟ್ ಅಂದಾಜಿಗಿಂತ ತೂಕ.

ಮೊದಲು ಚಿಕ್ಕ ಸಾರಾಂಶ ಕಳಿಸೋ ಅವಕಾಶ ಇದ್ರೆ ಬಿಡಬೇಡಿ. ಅಮೆರಿಕದಲ್ಲಿ ವಿಜ್ಞಾನ ಸಂಶೋಧನೆಗೆ ದುಡ್ಡು ಕೊಡೋ ಸರ್ಕಾರಿ ಸಂಸ್ಥೆ ಎನ್‌ಎಸ್‌ಎಫ್‌ನಲ್ಲಿ ಪೂರ್ತಿ ಪ್ರಪೋಸಲ್‌ಗೆ ಮುಂಚೆ ಚಿಕ್ಕ ಪ್ರಾಜೆಕ್ಟ್ ಪಿಚ್ ಕಳಿಸ್ಬೇಕು, ಅವರು ಸರಿ ಅಂದ್ರೆ ಮಾತ್ರ ದೊಡ್ಡದು ಬರೆಯೋದು, ಇದರಿಂದ ಎಷ್ಟೋ ಶ್ರಮ ಉಳಿಯತ್ತೆ. ಬೇರೆ ಕಡೆ ಈ ಪದ್ಧತಿ ಇಲ್ಲದಿದ್ರೂ ಪ್ರೋಗ್ರಾಮ್ ಆಫೀಸರಿಗೆ ಮೇಲ್ ಹಾಕಿ ಕೇಳಿ, ಉತ್ತರ ಕೊಡೋದು ಅವರ ಕೆಲಸನೇ. ತಿರಸ್ಕಾರ ಆದ್ರೆ ಕಾಮೆಂಟ್ ತರಿಸ್ಕೊಳ್ಳಿ, ಓದಿ, ಅದೇ ಕಾಮೆಂಟಿಗೆ ಉತ್ತರ ಬರೆದು ಮುಂದಿನ ಸುತ್ತಿಗೆ ಹಾಕಿ. ಎರಡನೇ ಸಲ ಬಂದ ಅರ್ಜಿನ ಯಾರೂ ಕೀಳಾಗಿ ನೋಡಲ್ಲ.

ಸಂಜೆಮೋಡ:

ಒಂದು ಎಚ್ಚರಿಕೆ ಸೇರಿಸ್ತೀನಿ. ಈಕ್ವಿಟಿ-ಫ್ರೀ ಅಂತ ಬೋರ್ಡ್ ಹಾಕ್ಕೊಂಡು ಸೇರೋಕೆ ಫೀಸ್ ಕೇಳೋ ಆಕ್ಸಿಲರೇಟರ್‌ಗಳು ಬಹಳ ಇವೆ. 'ನೀವು ಆಯ್ಕೆಯಾಗಿದ್ದೀರಿ' ಅಂತ ಮೇಲ್ ಬರತ್ತೆ, ನೀವು ಅರ್ಜಿನೇ ಹಾಕಿರಲ್ಲ, ಸೀಟ್ ಉಳಿಸ್ಕೊಳ್ಳೋಕೆ ಇಷ್ಟು ಕಟ್ಟಿ, ಹೂಡಿಕೆದಾರರ ಮುಂದೆ ತೋರಿಸೋ ಡೆಮೊ ಡೇಗೆ ಸ್ಟಾಲ್ ಬೇಕಾದ್ರೆ ಇನ್ನಷ್ಟು ಕಟ್ಟಿ. ಗ್ರಾಂಟ್ ಬರೆದುಕೊಡ್ತೀವಿ ಅನ್ನೋ ಕನ್ಸಲ್ಟೆಂಟ್‌ಗಳಲ್ಲೂ ಹಂಗೇ, ಬಂದ ಗ್ರಾಂಟಲ್ಲಿ ಇಷ್ಟು ಪರ್ಸೆಂಟ್ ನಮಗೆ ಅಂತಾರೆ, ಆ ಫೀಸನ್ನ ಗ್ರಾಂಟ್ ದುಡ್ಡಿಂದ ಕೊಡೋಕೆ ಸಾಮಾನ್ಯವಾಗಿ ಬಿಡಲ್ಲ, ಕೊನೆಗೆ ಅದು ನಿಮ್ಮ ಜೇಬಿಂದಲೇ. ಯಾವ ಪ್ರೋಗ್ರಾಮ್ ಆದ್ರೂ ಹಿಂದಿನ ಬ್ಯಾಚಿನ ಕಂಪನಿಗಳ ಪಟ್ಟಿ ತೆಗೆದು ಗೆದ್ದೋರ ಹತ್ರ ಅಲ್ಲ, ಹೆಸರು ಕೇಳದ ಒಬ್ಬಿಬ್ಬರ ಹತ್ರ ಮಾತಾಡಿ, ನಿಜ ಅಲ್ಲಿ ಸಿಗತ್ತೆ.

ಮೊದಲ_ಹೆಜ್ಜೆ:

ಒಂದು ಕೊನೇ ಪ್ರಶ್ನೆ, ಕಂಪನಿ ಈಗಲೇ ರಿಜಿಸ್ಟರ್ ಮಾಡ್ಸಿ ಆಮೇಲೆ ಗ್ರಾಂಟ್‌ಗೆ ಹಾಕೋದಾ, ಇಲ್ಲಾ ಗ್ರಾಂಟ್ ಯಾವುದು ಅಂತ ನೋಡ್ಕೊಂಡು ಕಂಪನಿ ಮಾಡೋದಾ?

ಲೆಕ್ಕದಪುಸ್ತಕ:

ಕೂಸು ಹುಟ್ಟೋ ಮುಂಚೆ ಕುಲಾವಿ ಬೇಡ. ನಿಧಿ-ಪ್ರಯಾಸ್ ಥರದ ಕೆಲವು ಪ್ರೊಟೋಟೈಪ್ ಗ್ರಾಂಟ್‌ಗಳಿಗೆ ಕಂಪನಿ ಇಲ್ಲದೆ ವ್ಯಕ್ತಿಯಾಗೇ ಅಪ್ಲೈ ಮಾಡಬಹುದು. ನಿಮ್ಮ ಪಟ್ಟಿಲಿ ಉಳಿದಿರೋ ಒಂದೊಂದು ಸ್ಕೀಮಿಗೂ ಮೂರು ವಿಷಯ ಬರ್ಕೊಳ್ಳಿ, ಕಂಪನಿ ಬೇಕಾ ಬೇಡ್ವಾ, ಆಗಿ ಎಷ್ಟು ವರ್ಷ ಮೀರಬಾರದು, ಯಾರ ಕೈಲಿ ಎಷ್ಟು ಶೇರು ಇರ್ಬೇಕು. ವಯಸ್ಸಿನ ಮಿತಿ ಇರೋ ಸ್ಕೀಮ್‌ಗಳಲ್ಲಿ ರಿಜಿಸ್ಟರ್ ಆದ ದಿನದಿಂದ ಗಡಿಯಾರ ಓಡೋಕೆ ಶುರು, ಅದಕ್ಕೇ ಮೊದಲು ಟ್ರಯಲ್ ಪತ್ರ ತಗೊಳ್ಳಿ, ಅದು ಯಾವ ದೇಶದ ಫ್ಯಾಕ್ಟರಿಯಿಂದ ಬರತ್ತೋ ಆ ದೇಶದ ಗ್ರಾಂಟ್ ಮೊದಲು ನೋಡಿ, ಕೆಲಸ ನಡೆಯೋ ಜಾಗ, ಕಂಪನಿ ಇರೋ ಜಾಗ, ದುಡ್ಡು ಬರೋ ಜಾಗ ಒಂದೇ ಆದ್ರೆ ಲೆಕ್ಕ ಇಡೋದು ಎಷ್ಟೋ ಸುಲಭ. ಅಷ್ಟರಲ್ಲಿ ನಿಮ್ಮಿಬ್ಬರ ನಡುವೆ ಐಪಿ ಯಾರದ್ದು, ಕಂಪನಿ ಆದ್ಮೇಲೆ ಅದು ಕಂಪನಿ ಹೆಸರಿಗೆ ಹೇಗೆ ಬರತ್ತೆ ಅಂತ ಒಂದು ಒಪ್ಪಂದ ಮಾಡ್ಕೊಂಡು ಇಬ್ಬರೂ ಸಹಿ ಹಾಕಿಡಿ. ಇಬ್ಬರಲ್ಲಿ ಯಾರಾದ್ರೂ ಈಗ ನೌಕರಿಲಿದ್ರೆ ಆಫೀಸಿನ ಒಪ್ಪಂದದಲ್ಲಿ ಹೊರಗಿನ ಕೆಲಸದ ಐಪಿ ಬಗ್ಗೆ ಏನಿದೆ ಅಂತಲೂ ಇದೇ ವಾರ ತೆಗೆದು ಓದಿ, ಗ್ರಾಂಟ್ ಕೊಡೋರು ಅದನ್ನ ಕೇಳೇ ಕೇಳ್ತಾರೆ.